ಕಾಲಕಾಲೇಶ್ವರ ಗುಡ್ಡದ ಮೇಲೊಂದು ತರಗತಿ

ಕಾಲಕಾಲೇಶ್ವರನ ಗುಡ್ಡ ಹತ್ತಿ ಬರುವ ಭಕ್ತರು ಅಂತರಗಂಗೆಯ ನೀರನ್ನು ತಲೆಗೆ ಚಿಮುಕಿಸಿಕೊಂಡು ನೇರ ಗುಡಿಯೊಳಗೆ ಹೋಗುತ್ತಾರೆ. ಗಜೇಂದ್ರಗಡದ ಪಕ್ಕದ ಈ ಶಿವಕ್ಷೇತ್ರಕ್ಕೆ ದಕ್ಷಿಣ ಕಾಶಿ ಎಂಬ ಹೆಸರಿದೆ. ಗುಡಿಯ ಹತ್ತಿರ ಮರದ ಬೇರುಗಳ ಸಂದಿನಿಂದ ಜಿನುಗಿ ಸಣ್ಣ ಪುಷ್ಕರಣಿಗೆ ಬೀಳುವ ನೀರೇ ಅಂತರಗಂಗೆ. ಕೆಳಗೆ ಎರೆಹೊಲಗಳು ಬಾಯಿಬಿಟ್ಟು ಬಿರಿದ ಬೇಸಿಗೆಯಲ್ಲೂ ಈ ನೀರು ನಿಲ್ಲುವುದಿಲ್ಲ ಎಂದು ಊರವರು ಹೇಳುತ್ತಾರೆ. ಸುಮಾರು 600 ಮಿಲಿಮೀಟರ್ ಮಳೆಯಲ್ಲಿ ವರ್ಷ ಕಳೆಯುವ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಶಾಲೆಗಳಲ್ಲಿ ಪರಿಸರ ಶಿಕ್ಷಣ ಎಂದರೆ ಏನು ನಡೆಯುತ್ತದೆ ಎಂದು ನೋಡಲು ಅಲ್ಲಿಗೆ ಹೋದವನು ನಾನು. ಶಾಲೆಯೊಂದರ ಇಕೋ ಕ್ಲಬ್‌ನ ಮಕ್ಕಳನ್ನು ಕರೆದುಕೊಂಡು ಬಂದಿದ್ದ ವಿಜ್ಞಾನದ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ಅವರನ್ನೆಲ್ಲ ಆ ಬೇರುಗಳ ಮುಂದೆ ಕೂರಿಸಿದರು.

"ಈ ನೀರು ಎಲ್ಲಿಂದ ಬರತೈತಿ, ಹೇಳ್ರಿ ನೋಡೋಣ."

"ದೇವರು ಕೊಡತಾನ್ರೀ ಅಕ್ಕೋರ."

"ಕಾಶಿಯಿಂದ ಬರತೈತ್ರಿ. ನಮ್ಮಮ್ಮ ಹೇಳ್ಯಾಳ."

ಅಕ್ಕೋರು ಎರಡನ್ನೂ ಅಲ್ಲಗಳೆಯಲಿಲ್ಲ. "ಬರಲಿ. ಹೋದ ಮಳಿಗಾಲ ಮುಗದು ಎಷ್ಟು ತಿಂಗಳಾತು? ಅಲ್ಲಿಂದ ಇಲ್ಲೀಮಟ ಈ ನೀರು ಎಲ್ಲಿ ಕುಂತಿತ್ತು?" ಎಂದು ಕೇಳಿದರು. ಯಾರಿಗೂ ಉತ್ತರ ತೋಚಲಿಲ್ಲ. ಆಗ ಎಲ್ಲರನ್ನೂ ಎಬ್ಬಿಸಿ ಗುಡ್ಡದ ನೆತ್ತಿಯ ಕಡೆ ನಡೆಸಿದರು.

ಮೇಲೆ ಆದದ್ದು ಇಷ್ಟೇ. ಎರಡು ಬಾಟಲಿ ನೀರು. ಒಂದನ್ನು ಜನ ನಡೆದು ನಡೆದು ಬೋಳಾದ ಕಾಲುದಾರಿಯ ಮೇಲೆ ಸುರಿಸಿದರು. ನೀರು ಧೂಳನ್ನು ಹೊತ್ತುಕೊಂಡು ಹರಿದು ಕಲ್ಲಿನ ಅಂಚು ದಾಟಿ ಕೆಳಗೆ ಹೋಯಿತು. ಇನ್ನೊಂದನ್ನು ಒಣ ಹುಲ್ಲಿನ ಬುಡಕ್ಕೆ ಸುರಿಸಿದರು. ಅದು ಹರಿಯಲಿಲ್ಲ, ಬುಡದಲ್ಲೇ ಇಳಿಯಿತು. ಒಬ್ಬ ಹುಡುಗಿ ಬಗ್ಗಿ ಕಿರುಬೆರಳಿನಿಂದ ಆ ಜಾಗ ಕೆದಕಿದಳು. ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೂ ಮಣ್ಣು ತಣ್ಣಗಿತ್ತು, ಬೇರಿನ ಎಳೆಗಳಿಗೆ ಅಂಟಿಕೊಂಡಿತ್ತು. ಅವಳು ಅದನ್ನು ಎಲ್ಲರ ಮೂಗಿನ ಹತ್ತಿರ ಹಿಡಿದು ವಾಸನೆ ತೋರಿಸಿದಳು. ಗುಡ್ಡದ ಬೆನ್ನ ಮೇಲೆ ಬಿದ್ದ ಮಳೆಯನ್ನು ಹುಲ್ಲು ತಡೆಯುತ್ತದೆ, ಮಣ್ಣು ಹೀರುತ್ತದೆ, ಬಂಡೆಯ ಸೀಳುಗಳು ತಿಂಗಳುಗಟ್ಟಲೆ ಒಳಗಿಟ್ಟುಕೊಂಡು ತಡವಾಗಿ ಹೊರಗೆ ಬಿಡುತ್ತವೆ. ಒರತೆ ಎಂದರೆ ಅದು. ಮೇಲಿನ ಹುಲ್ಲು ಹೋದರೆ ಕೆಳಗಿನ ಗಂಗೆ ಎಷ್ಟು ದಿನ? ಈ ಪ್ರಶ್ನೆಯನ್ನು ಅಕ್ಕೋರು ಕೇಳಲಿಲ್ಲ. ಕೆದಕಿದ ಹುಡುಗಿಯೇ ಕೇಳಿದಳು.

ಗಜೇಂದ್ರಗಡದ ಚರಿತ್ರೆಯನ್ನು ಹೇಳುವುದು ಸುಲಭ. ಘೋರ್ಪಡೆ ಮನೆತನದ ಕೋಟೆ, 1787ರಲ್ಲಿ ಮರಾಠರು ಮತ್ತು ಟಿಪ್ಪುವಿನ ನಡುವೆ ಇಲ್ಲಿ ಆದ ಒಪ್ಪಂದ, ಸೀರೆ ನೇಯುವ ಮಗ್ಗಗಳ ಓಣಿಗಳು, ರೋಣದಿಂದ ಬೇರ್ಪಟ್ಟು ಸ್ವತಂತ್ರವಾದ ತಾಲ್ಲೂಕು. ಶಾಲೆಗಳ ಪರಿಸರ ಪಾಠದ ಚರಿತ್ರೆಯೂ ನಾಲ್ಕು ಸಾಲಿನದೇ. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಪಠ್ಯವಾಗಿ ಕಲಿಸಬೇಕೆಂದು ಹೇಳಿತು. 2001ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಪಡೆ ಶುರು ಮಾಡಿತು, ಅದರಡಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಬಂದವು. ನಮ್ಮ ಅರಣ್ಯ ಇಲಾಖೆಯ 'ಮಗುವಿಗೊಂದು ಮರ, ಶಾಲೆಗೊಂದು ವನ' ಬಂತು, ಮಕ್ಕಳನ್ನು ಕಾಡಿಗೆ ಕರೆದೊಯ್ಯುವ 'ಚಿಣ್ಣರ ವನದರ್ಶನ' ಬಂತು. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಂತೂ ಎಲ್ಲ ಕಡೆ ಇದ್ದದ್ದೇ. ಆ ಸಸಿಗೆ ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಎಂಬುದೇ ನನಗೆ ನಿಜವಾದ ಪರೀಕ್ಷೆ ಎನಿಸುತ್ತದೆ.

ಗಜೇಂದ್ರಗಡದ ಮಗುವಿಗೆ ಪುಸ್ತಕದ ಪರಿಸರದಲ್ಲಿ ಒಂದು ತೊಂದರೆಯಿದೆ. ಚಿತ್ರದಲ್ಲಿರುವ ಕಾಡು ಮಲೆನಾಡಿನದು: ಎತ್ತರದ ಮರ, ಜಲಪಾತ, ಆನೆ, ಹುಲಿ. ಕಿಟಕಿಯಿಂದ ಕಾಣುವ ಗುಡ್ಡದಲ್ಲಿ ಇರುವುದು ಕವಳಿ, ಬಾರಿ, ಜಾಲಿ, ಬಂದರಿಕೆ, ಮೊಣಕಾಲೆತ್ತರದ ಹುಲ್ಲು. ನೆತ್ತಿಯಲ್ಲಿ ಗಾಳಿ ವಿದ್ಯುತ್ತಿನ ಫ್ಯಾನ್‌ಗಳು. ಹಾಗಾಗಿ ನಮ್ಮೂರಲ್ಲಿ ಪರಿಸರವೇ ಇಲ್ಲ, ಇದು ಬರಡು ಎಂದು ಮಗು ತೀರ್ಮಾನಿಸಿಬಿಡುತ್ತದೆ. ದೊಡ್ಡವರ ದಾಖಲೆಗಳೂ ಇಂಥ ನೆಲವನ್ನು ಪಾಳುಭೂಮಿ ಎಂದೇ ಬರೆದುಕೊಂಡಿವೆ. ಬರಡು ಎಂದ ಮೇಲೆ ಕಲ್ಲು ತೆಗೆಯುವುದಕ್ಕೂ, ಎಲ್ಲಿಂದಲೋ ತಂದ ಗಿಡಗಳಿಗೆ ಸಾಲುಸಾಲು ಗುಂಡಿ ತೋಡುವುದಕ್ಕೂ ಯಾರಿಗೂ ಮನಸ್ಸು ಅಳುಕುವುದಿಲ್ಲ. ಈ ಒಣ ಗುಡ್ಡ ತಾನಿದ್ದ ಹಾಗೇ ಪೂರ್ಣವಾದ ಪರಿಸರ ಎಂಬುದನ್ನು ಇಲ್ಲಿನ ಮಗು ಮೊದಲು ಕಲಿಯಬೇಕು. ಹುಲಿ ಆಮೇಲೆ ಬರಲಿ.

ಆ ದಿನ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ. ಕುರಿ ಕಾಯುವ ಮನೆಯವನು. ಗುಡ್ಡದಲ್ಲಿ ಯಾವ ಪ್ರಾಣಿ ಇದೆ ಎಂದು ಕೇಳಿದಾಗ ಉಳಿದವರು ನವಿಲು, ಮೊಲ ಎಂದರು. ಇವನು ತಲೆ ತಗ್ಗಿಸಿಯೇ "ತ್ವಾಳ" ಎಂದ.

"ನೀ ನೋಡೀಯೇನಪಾ?"

"ನೋಡೀನ್ರಿ. ಹಟ್ಟಿ ಹಾಕಿದಾಗ ಬಂದಿತ್ತು. ಮರಿ ಹಿಡಕೊಂಡು ಹೋತು. ಅಜ್ಜ ಬೈದ, ಕಲ್ಲು ಒಗದ. ಆದ್ರ ಕೊಲ್ಲಬಾರದು ಅಂತಾನ್ರಿ."

ತೋಳಕ್ಕೆ ದಟ್ಟ ಕಾಡು ಬೇಕಿಲ್ಲ. ಬಯಲು, ಕುರುಚಲು, ಮರಿ ಹಾಕಲು ಕಲ್ಲಿನ ಪೊಟರೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಅದರ ಹೆಸರಿದೆ. ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಅದಕ್ಕೆಂದೇ 332 ಹೆಕ್ಟೇರಿನ ತೋಳಧಾಮವಿದೆ. ಇದನ್ನೆಲ್ಲ ಅಕ್ಕೋರು ಹೇಳುತ್ತಿದ್ದಾಗ ಆ ಹುಡುಗ ಮುಂದಿನ ಸಾಲಿಗೆ ಬಂದು ಕೂತಿದ್ದ. ಹೆಜ್ಜೆ ಗುರುತಿನಲ್ಲಿ ನಾಯಿಗೂ ತೋಳಕ್ಕೂ ಏನು ವ್ಯತ್ಯಾಸ ಎಂದು ಮಣ್ಣಿನಲ್ಲಿ ಬೆರಳಾಡಿಸಿ ತೋರಿಸಿದವನೂ ಅವನೇ. ಇಷ್ಟು ತಿಳಿದ ಮಗುವಿಗೆ ಪರಿಸರ ಅಧ್ಯಯನದಲ್ಲಿ ಅಂಕ ಕಡಿಮೆ ಬರುತ್ತದೆಂದರೆ ತಿದ್ದಬೇಕಾದದ್ದು ಪ್ರಶ್ನೆಪತ್ರಿಕೆಯನ್ನು.

ಗದಗ ಜಿಲ್ಲೆಯ ಮಕ್ಕಳಿಗೆ ನೋಡಲು ಇನ್ನೂ ಇದೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ಸುಮಾರು 8,000. ನೀರಾವರಿಗೆಂದು ಕಟ್ಟಿದ ಕೆರೆ ಅದು. 166 ಜಾತಿಯ ಹಕ್ಕಿಗಳನ್ನು ಅಲ್ಲಿ ಗುರುತಿಸಿದ್ದಾರೆ. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಮಂಗೋಲಿಯಾದಲ್ಲಿ ಕೊರಳಿಗೆ ಹಸಿರು ಪಟ್ಟಿ ಹಾಕಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ ಎಂದರೆ ಮಕ್ಕಳು ನಕಾಶೆ ತೆರೆದು ಬೆರಳಿಟ್ಟು ದಾರಿ ಹುಡುಕುತ್ತಾರೆ. ಕಪ್ಪತಗುಡ್ಡದ ಕಥೆಯನ್ನೂ ಅವರಿಗೆ ಹೇಳಬೇಕು. 2015ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿ, 2016ರಲ್ಲಿ ಹಿಂದೆಗೆದುಕೊಂಡಿತು. ಜನ ಬೀದಿಗಿಳಿದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಜೊತೆ ನಿಂತರು. 2017ರಲ್ಲಿ ಸ್ಥಾನ ಮರಳಿತು, 2019ರಲ್ಲಿ ವನ್ಯಧಾಮವಾಯಿತು. ಗುಡ್ಡ ಉಳಿಸಿದ ಹಿರಿಯರು ತಮ್ಮದೇ ಜಿಲ್ಲೆಯವರು ಎಂದು ತಿಳಿಯುವುದು ಮಕ್ಕಳಿಗೆ ದೊಡ್ಡ ಬಲ.

ಆದರೆ ಮಾಗಡಿಗೆ ಹೋಗಿ ಬರಲು ಒಂದು ಬಸ್ ಬೇಕು, ಬಾಡಿಗೆ ಬೇಕು, ಅನುಮತಿ ಬೇಕು. ವನದರ್ಶನದಲ್ಲಿ ಒಂದು ಶಾಲೆಗೆ ಸಿಗುವುದು ಕೆಲವೇ ಮಕ್ಕಳ ಸರದಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಶುರುವಾದರೆ ಹತ್ತನೆಯ ತರಗತಿಯವರನ್ನು ಗುಡ್ಡಕ್ಕೆ ಕಳಿಸಲು ಯಾರೂ ಒಪ್ಪುವುದಿಲ್ಲ. ನಡೆದೇ ಹೋಗಬಹುದಾದ ಅಂತರಗಂಗೆಗೂ ಶನಿವಾರದ ಅರ್ಧ ದಿನವನ್ನು ಹೊಂಚಿ ಹಿಡಿಯಬೇಕು.

ಅಕ್ಕೋರ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಯಾವ ತಿಂಗಳು ಬಾರಿ ಹಣ್ಣಾಯಿತು, ಕವಳಿ ಯಾವಾಗ ಹೂಬಿಟ್ಟಿತು, ಅಂತರಗಂಗೆಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಮಕ್ಕಳೇ ಬರೆದದ್ದು, ಒಬ್ಬೊಬ್ಬರದು ಒಂದೊಂದು ಅಕ್ಷರ. ಬರೆದವರಲ್ಲಿ ಹಲವರು ಈಗ ಊರಲ್ಲಿಲ್ಲ. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿದ್ದಾರೆ. ಅಕ್ಕೋರ ಹೆಸರೂ ಈ ಸಲದ ವರ್ಗಾವಣೆ ಪಟ್ಟಿಯಲ್ಲಿ ಬರಬಹುದಂತೆ. ನೋಟ್‌ಬುಕ್ಕನ್ನು ಕಪಾಟಿನಲ್ಲಿಟ್ಟು ಹೋಗುವುದೋ, ಯಾರ ಕೈಗಾದರೂ ಕೊಟ್ಟು ಹೋಗುವುದೋ ಎಂದು ಅವರಿನ್ನೂ ನಿರ್ಧರಿಸಿಲ್ಲ. ಕೊನೆಯ ಪುಟಗಳು ಖಾಲಿ ಇವೆ.