ಜನರಲ್ ಮ್ಯಾನೇಜರ್‌ಗೆ ದಿವ್ಯದೃಷ್ಟಿ ಇರುತ್ತದೆಯೇ?

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಮೈದಾನದ ಅಂಚಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂಗಾಡುವವರು ಕೋಚ್. ಅವರ ಕೈಗೆ ಆಟಗಾರರನ್ನು ಒದಗಿಸುವವರು ಜನರಲ್ ಮ್ಯಾನೇಜರ್. 53 ಜನರ ತಂಡದಲ್ಲಿ ಯಾರಿರಬೇಕು, ಯಾರಿಗೆ ಎಷ್ಟು ಸಂಬಳ, ಯಾರನ್ನು ಬೇರೆ ತಂಡಕ್ಕೆ ಕೊಟ್ಟು ಯಾರನ್ನು ತರಬೇಕು ಎಂಬುದೆಲ್ಲ ಅವರ ತಲೆನೋವು. ಪ್ರತಿ ಏಪ್ರಿಲ್‌ನಲ್ಲಿ ನಡೆಯುವ ಡ್ರಾಫ್ಟ್ ಅವರ ದೊಡ್ಡ ಪರೀಕ್ಷೆ. ಐಪಿಎಲ್ ಹರಾಜಿನಂತೆ ಇಲ್ಲಿ ಬೆಲೆ ಕೂಗುವುದಿಲ್ಲ. ಕಾಲೇಜು ತಂಡಗಳಿಂದ ಬರುವ ಹುಡುಗರನ್ನು ಸರದಿಯ ಪ್ರಕಾರ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ. ಆ ಸರದಿಯನ್ನೇ ಬೇರೆ ತಂಡದ ಜತೆ ಅದಲುಬದಲು ಮಾಡಿಕೊಳ್ಳಲೂ ಅವಕಾಶವಿದೆ.

ಒಳ್ಳೆಯ ಜನರಲ್ ಮ್ಯಾನೇಜರ್ ಎಂದರೆ ಇಪ್ಪತ್ತೊಂದು ವರ್ಷದ ಹುಡುಗನನ್ನು ನೋಡಿದ ಕೂಡಲೇ ಅವನ ಭವಿಷ್ಯ ಓದಬಲ್ಲವರು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದಕ್ಕೆ ಎಲ್ಲರೂ ಕೊಡುವ ಸಾಕ್ಷಿ ಟಾಮ್ ಬ್ರೇಡಿ. 2000ದ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ 199ನೆಯವರಾಗಿ ಆಯ್ಕೆಯಾದ ಬ್ರೇಡಿ ಮುಂದೆ ಏಳು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಅವುಗಳಲ್ಲಿ ಆರು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಬಂದವು. ಆ ತಂಡದಲ್ಲಿ ಬಿಲ್ ಬೆಲಿಚಿಕ್ ಅವರೇ ಕೋಚ್, ಆಯ್ಕೆಯಲ್ಲಿ ಕೊನೆಯ ಮಾತೂ ಅವರದೇ. ಎಂಥ ಕಣ್ಣು!

ಆದರೆ ಅದೇ ಡ್ರಾಫ್ಟ್‌ನಲ್ಲಿ ಬ್ರೇಡಿಗಿಂತ ಮೊದಲು ಪೇಟ್ರಿಯಟ್ಸ್ ಬೇರೆ ಆರು ಜನರನ್ನು ಆರಿಸಿತ್ತು. ಈತ ಏಳು ಕಪ್ ಗೆಲ್ಲುವ ಆಟಗಾರ ಎಂದು ಗೊತ್ತಿದ್ದವರು 199ನೇ ಸರದಿಯವರೆಗೆ ಕಾಯುತ್ತಿದ್ದರೇ? 2001ರ ಮಾರ್ಚ್‌ನಲ್ಲಿ, ಬ್ರೇಡಿ ತಂಡದೊಳಗೇ ಇದ್ದಾಗ, ಬ್ರೇಡಿಯದೇ ಜಾಗದಲ್ಲಿ, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ ಆಡುತ್ತಿದ್ದ ಹಿರಿಯ ಡ್ರೂ ಬ್ಲೆಡ್ಸೋ ಜತೆ ಹತ್ತು ವರ್ಷದ, 10.3 ಕೋಟಿ ಡಾಲರ್‌ನ ಒಪ್ಪಂದವಾಯಿತು. ಆ ಸೆಪ್ಟೆಂಬರ್‌ನಲ್ಲಿ ಬ್ಲೆಡ್ಸೋ ಗಾಯಗೊಂಡರು, ಬ್ರೇಡಿ ಒಳಬಂದರು, 2002ರ ಫೆಬ್ರುವರಿಯಲ್ಲಿ ತಂಡ ಸೂಪರ್ ಬೌಲ್ ಗೆದ್ದಿತು. ಇದರಲ್ಲಿ ಅದೃಷ್ಟದ ಪಾಲು ದೊಡ್ಡದು. ಮೆಚ್ಚಬೇಕಾದ್ದು ಬೇರೆಯೇ ಇದೆ. ಎರಡೋ ಮೂರೋ ಕ್ವಾರ್ಟರ್‌ಬ್ಯಾಕ್‌ಗಳನ್ನಷ್ಟೇ ಇಟ್ಟುಕೊಳ್ಳುವ ಲೀಗ್‌ನಲ್ಲಿ ಪೇಟ್ರಿಯಟ್ಸ್ ಮೊದಲ ವರ್ಷ ಈ ಹುಡುಗನನ್ನು ಬಿಟ್ಟುಕೊಡದೆ ನಾಲ್ಕನೆಯವನಾಗಿ ಉಳಿಸಿಕೊಂಡಿತು. ಹೆಚ್ಚು ಖರ್ಚಿಲ್ಲದೆ ಇನ್ನೊಂದು ಅವಕಾಶವನ್ನು ಕೈಯಲ್ಲಿಟ್ಟುಕೊಂಡಿದ್ದು ನಿಜವಾದ ಜಾಣತನ.

ಕಣ್ಣಿನ ಮಾತಿಗೆ ಬಂದರೆ ಬಾಬಿ ಬೆದರ್ಡ್ ಅವರ ಕಥೆ ಹೇಳಲೇಬೇಕು. ವಾಷಿಂಗ್ಟನ್ ತಂಡ ಕಟ್ಟಿ ಎರಡು ಸೂಪರ್ ಬೌಲ್ ಗೆಲ್ಲಿಸಿದವರು ಅವರು. 2018ರಲ್ಲಿ ಹಾಲ್ ಆಫ್ ಫೇಮ್ ಗೌರವವೂ ಸಂದಿತು. ಆದರೆ ಇದೇ ಬೆದರ್ಡ್ 1998ರಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್‌ಗಾಗಿ ಮೂರನೇ ಸರದಿಯಿಂದ ಎರಡಕ್ಕೆ ಏರಲು ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಇಬ್ಬರು ಆಟಗಾರರನ್ನೂ ಸೇರಿಸಿ ಕೊಟ್ಟರು. ತಂದದ್ದು ಕ್ವಾರ್ಟರ್‌ಬ್ಯಾಕ್ ರಯಾನ್ ಲೀಫ್ ಅವರನ್ನು. ಮೂರು ವರ್ಷಕ್ಕೇ ಚಾರ್ಜರ್ಸ್ ಲೀಫ್‌ರನ್ನು ಕೈಬಿಟ್ಟಿತು. ಒಂದು ಸರದಿ ಮೊದಲು ಇಂಡಿಯಾನಾಪೊಲಿಸ್‌ನ ಬಿಲ್ ಪೋಲಿಯನ್ ಅವರು ಮುಂದೆ ದಂತಕಥೆಯಾದ ಪೇಟನ್ ಮ್ಯಾನಿಂಗ್‌ರನ್ನು ಆರಿಸಿದ್ದರು. ಇಬ್ಬರಲ್ಲಿ ಯಾರು ಮೇಲು ಎಂಬ ಚರ್ಚೆ ಆಗ ಡ್ರಾಫ್ಟ್‌ವರೆಗೂ ನಡೆದಿತ್ತು ಎಂಬುದನ್ನು ಈಗ ನಂಬುವುದೇ ಕಷ್ಟ.

ಇದು ಬೆದರ್ಡ್ ಒಬ್ಬರ ಎಡವಟ್ಟಲ್ಲ. ಕೇಡ್ ಮ್ಯಾಸಿ ಮತ್ತು ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಡ್ರಾಫ್ಟ್‌ನ ಲೆಕ್ಕಗಳನ್ನು ಕೆದಕಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಮೈದಾನದಲ್ಲಿ ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ, ಮೊದಲು ಆಯ್ಕೆಯಾದವನು ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಶೇ 52 ಮಾತ್ರ. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ. ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಸುತ್ತಾಟ ವ್ಯರ್ಥ ಎಂದು ಇದರ ಅರ್ಥವಲ್ಲ. ಮೊದಲ ಸುತ್ತಿನವರು ಒಟ್ಟಾರೆ ಆರನೇ ಸುತ್ತಿನವರಿಗಿಂತ ಮೇಲೇ. ಆದರೆ ಇವನೇ ಬೇಕು ಎಂದು ಹಟ ಹಿಡಿದು ಮೇಲೇರಲು ತಂಡಗಳು ತೆರುವ ಬೆಲೆ ಸಿಗುವ ಲಾಭಕ್ಕಿಂತ ಹೆಚ್ಚು ಎಂಬುದು ಅವರ ತೀರ್ಮಾನ.

ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಈ ಪಾಠವನ್ನು ದುಬಾರಿ ಶುಲ್ಕ ಕಟ್ಟಿ ಕಲಿಯಿತು. 2021ರಲ್ಲಿ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮೂರನೇ ಸರದಿಗಾಗಿ ಮೊದಲ ಸುತ್ತಿನ ಮೂರು ಸರದಿಗಳನ್ನೂ ಮೂರನೇ ಸುತ್ತಿನ ಒಂದನ್ನೂ ಮಯಾಮಿಗೆ ಕೊಟ್ಟು ಟ್ರೇ ಲ್ಯಾನ್ಸ್‌ರನ್ನು ತಂದರು. ಲ್ಯಾನ್ಸ್ ನೆಲೆಯೂರಲಿಲ್ಲ. ಎರಡು ವರ್ಷದ ಬಳಿಕ ನಾಲ್ಕನೇ ಸುತ್ತಿನ ಒಂದು ಸರದಿಗೆ ಅವರನ್ನು ಡಲ್ಲಾಸ್‌ಗೆ ಸಾಗಹಾಕಿದರು. ಅಷ್ಟರಲ್ಲಿ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆ ಬ್ರಾಕ್ ಪರ್ಡಿ ತಂಡದ ಕ್ವಾರ್ಟರ್‌ಬ್ಯಾಕ್ ಆಗಿಬಿಟ್ಟಿದ್ದರು. 2024ರ ಫೆಬ್ರುವರಿಯಲ್ಲಿ ಅವರು ತಂಡವನ್ನು ಸೂಪರ್ ಬೌಲ್‌ಗೂ ಒಯ್ದರು, ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಕಡಿಮೆ ಸಂಬಳದಲ್ಲಿ. ಅಷ್ಟು ದೊಡ್ಡ ತಪ್ಪು ಮಾಡಿದ ಲಿಂಚ್ ಕುರ್ಚಿ ಉಳಿಸಿಕೊಂಡದ್ದು ಹೇಗೆ ಎಂಬುದಕ್ಕೆ ಉತ್ತರ ಆ ಸಂಬಳದಲ್ಲಿದೆ. ಕ್ವಾರ್ಟರ್‌ಬ್ಯಾಕ್ ಮೇಲೆ ಉಳಿದ ಹಣ ಉಳಿದ ಆಟಗಾರರಿಗೆ ಹೋಯಿತು.

ಹಣದ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಶ್ರೀಮಂತ ಮಾಲೀಕರಿದ್ದರೆ ಸಾಕು, ತಂಡ ಕೊಂಡುಬಿಡಬಹುದು ಎನ್ನುವವರಿದ್ದಾರೆ. 1994ರಿಂದ ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಇದೇ ಸ್ಯಾಲರಿ ಕ್ಯಾಪ್. 2025ರಲ್ಲಿ ಅದು 27.92 ಕೋಟಿ ಡಾಲರ್. ಇದಕ್ಕೆ ಉಲ್ಟಾ, ಕ್ಯಾಪ್ ಎನ್ನುವುದು ಬರೀ ಬೊಗಳೆ, ಲೆಕ್ಕ ಹೇಗೆ ಬೇಕಾದರೂ ತಿರುಚಬಹುದು ಎನ್ನುವವರೂ ಇದ್ದಾರೆ. ಅರ್ಧ ನಿಜ. ಸಹಿ ಹಾಕುವಾಗ ಕೊಟ್ಟ ಬೋನಸ್ಸನ್ನು ಲೆಕ್ಕದಲ್ಲಿ ಐದು ವರ್ಷದವರೆಗೆ ಹಂಚಬಹುದು. ಆದರೆ ಆಟಗಾರನನ್ನು ಮಧ್ಯೆ ಬಿಟ್ಟರೆ ಬಾಕಿಯೆಲ್ಲ ತಲೆಯ ಮೇಲೆ ಬೀಳುತ್ತದೆ. 2024ರಲ್ಲಿ ರಸೆಲ್ ವಿಲ್ಸನ್‌ರನ್ನು ಬಿಟ್ಟ ಡೆನ್ವರ್ ತಂಡ, ತನ್ನಲ್ಲಿ ಇಲ್ಲದ ಆಟಗಾರನ ಹೆಸರಿನಲ್ಲಿ ಎರಡು ವರ್ಷ ಸೇರಿ 8.5 ಕೋಟಿ ಡಾಲರ್ ಲೆಕ್ಕಕ್ಕೆ ಹಿಡಿಯಬೇಕಾಯಿತು. ಸಾಲ ಮಾಡಿ ತುಪ್ಪ ತಿಂದರೂ ಸಾಲ ತೀರಿಸಲೇಬೇಕು.

ಆಡಿ ಗೆದ್ದವರಿಗೇ ಆಟ ಗೊತ್ತು ಎಂಬ ಮಾತಿಗೆ ಡೆಟ್ರಾಯಿಟ್‌ನವರು ನಗುತ್ತಾರೆ, ಅದೂ ನೋವಿನ ನಗು. ಆಟಗಾರನಾಗಿ ನಾಲ್ಕು ಸೂಪರ್ ಬೌಲ್ ಗೆದ್ದು, ಟಿವಿ ವಿವರಣೆಗಾರರಾಗಿಯೂ ಹೆಸರು ಮಾಡಿದ ಮ್ಯಾಟ್ ಮಿಲನ್ ಕೈಗೆ ಲಯನ್ಸ್ ತಂಡ 2001ರಲ್ಲಿ ಬಂತು. 2003, 2004, 2005, ಮೂರೂ ವರ್ಷ ಅವರು ಮೊದಲ ಹತ್ತರೊಳಗಿನ ಸರದಿಯಲ್ಲಿ ಆರಿಸಿದ್ದು ಚೆಂಡು ಹಿಡಿಯುವ ರಿಸೀವರ್‌ಗಳನ್ನೇ. 2008ರ ಸೆಪ್ಟೆಂಬರ್‌ನಲ್ಲಿ ಅವರನ್ನು ಮನೆಗೆ ಕಳಿಸಿದರು. ಆ ಋತುವಿನ ಹದಿನಾರಕ್ಕೆ ಹದಿನಾರೂ ಪಂದ್ಯ ತಂಡ ಸೋತಿತು. ಹಾಗೆಂದು ಆಡಿದವರೆಲ್ಲ ಈ ಕೆಲಸಕ್ಕೆ ನಾಲಾಯಕ್ಕಲ್ಲ. ಹಾಲ್ ಆಫ್ ಫೇಮ್ ಆಟಗಾರ ಆಜಿ ನ್ಯೂಸಮ್ 1996ರ ಒಂದೇ ಸುತ್ತಿನಲ್ಲಿ ಜೊನಾಥನ್ ಓಗ್ಡನ್, ರೇ ಲೂಯಿಸ್ ಇಬ್ಬರನ್ನೂ ಬಾಲ್ಟಿಮೋರ್‌ಗೆ ತಂದರು. ಆಟಗಾರರು ಬಿಟ್ಟುಹೋದಾಗ ಲೀಗ್ ಪರಿಹಾರವಾಗಿ ಕೊಡುವ ಹೆಚ್ಚುವರಿ ಸರದಿಗಳನ್ನು ಕೂಡಿಹಾಕುವುದರಲ್ಲಿ ಅವರ ತಂಡ ಎತ್ತಿದ ಕೈ.

ಇನ್ನು ಎಲ್ಲ ತೀರ್ಮಾನವೂ ಜನರಲ್ ಮ್ಯಾನೇಜರ್‌ದೇ ಎಂಬುದೂ ಪೂರ್ತಿ ಸರಿಯಲ್ಲ. ಮಾಲೀಕರು ಎಷ್ಟು ಬಿಟ್ಟುಕೊಟ್ಟರೆ ಅಷ್ಟೇ ಅಧಿಕಾರ. ಡಲ್ಲಾಸ್ ಕೌಬಾಯ್ಸ್‌ನಲ್ಲಿ ಮಾಲೀಕ ಜೆರ‍್ರಿ ಜೋನ್ಸ್ ಅವರೇ ಜನರಲ್ ಮ್ಯಾನೇಜರ್. ಅವರ ತಂಡ ಕೊನೆಯ ಸಲ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ. ತಮ್ಮನ್ನು ತಾವೇ ಕೆಲಸದಿಂದ ತೆಗೆಯುವವರು ಯಾರು?

ಇಷ್ಟೂ ಭ್ರಮೆಗಳಿಗೆ ಒಟ್ಟಿಗೆ ಉತ್ತರವಾಗಿ ನಿಲ್ಲುವವರು ಫಿಲಡೆಲ್ಫಿಯಾ ಈಗಲ್ಸ್‌ನ ಹವಿ ರೋಸ್‌ಮನ್. ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ. ಕಾನೂನು ಓದಿ, 2000ದಲ್ಲಿ ಸ್ಯಾಲರಿ ಕ್ಯಾಪ್ ಲೆಕ್ಕ ನೋಡುವ ಇಂಟರ್ನ್ ಆಗಿ ಸೇರಿದವರು. 2015ರಲ್ಲಿ ಮಾಲೀಕರು ಅವರ ಅಧಿಕಾರ ಕಿತ್ತು ಕೋಚ್ ಚಿಪ್ ಕೆಲ್ಲಿಗೆ ಕೊಟ್ಟರು. ಒಂದೇ ವರ್ಷದಲ್ಲಿ ಕೆಲ್ಲಿ ಹೊರಬಿದ್ದರು, ರೋಸ್‌ಮನ್ ಮರಳಿದರು. ಅವರ ತಂಡ 2018ರಲ್ಲಿ ಸೂಪರ್ ಬೌಲ್ ಗೆದ್ದಿತು. 2020ರ ಮೊದಲ ಸುತ್ತಿನಲ್ಲಿ ರೋಸ್‌ಮನ್ ರಿಸೀವರ್ ಜೇಲನ್ ರೇಗರ್‌ರನ್ನು ಆರಿಸಿದರು. ಮರು ಸರದಿಯಲ್ಲೇ ಮಿನೆಸೋಟ, ಮುಂದೆ ಲೀಗ್‌ನ ಅಗ್ರ ರಿಸೀವರ್‌ಗಳಲ್ಲಿ ಒಬ್ಬರಾದ ಜಸ್ಟಿನ್ ಜೆಫರ್ಸನ್‌ರನ್ನು ಬಾಚಿಕೊಂಡಿತು. ಇದಕ್ಕಿಂತ ಕಣ್ಣಿಗೆ ಕುಕ್ಕುವ ತಪ್ಪು ಆ ವರ್ಷ ಇನ್ನೊಂದಿಲ್ಲ. ಎರಡನೇ ಸುತ್ತಿನಲ್ಲಿ ಅವರು ಜೇಲನ್ ಹರ್ಟ್ಸ್‌ರನ್ನು ಕರೆದಾಗ ಸ್ವಂತ ಅಭಿಮಾನಿಗಳೇ ಬೈದರು. ಹಿಂದಿನ ವರ್ಷವಷ್ಟೇ ಕಾರ್ಸನ್ ವೆಂಟ್ಸ್‌ಗೆ 12.8 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿದ್ದ ತಂಡಕ್ಕೆ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಯಾಕೆ ಎಂಬುದು ಅವರ ತಕರಾರು. ಮರುವರ್ಷವೇ ರೋಸ್‌ಮನ್ ಕ್ಯಾಪ್‌ನಲ್ಲಿ 3.38 ಕೋಟಿ ಡಾಲರ್ ಹೊಡೆತ ನುಂಗಿಕೊಂಡು ವೆಂಟ್ಸ್‌ರನ್ನು ಕಳಿಸಿಕೊಟ್ಟರು. 2022ರಲ್ಲಿ ರೇಗರ್‌ರನ್ನೂ ಬಿಟ್ಟರು, ಅದೂ ಮಿನೆಸೋಟಕ್ಕೇ. ತಪ್ಪನ್ನು ಸಮರ್ಥಿಸಿಕೊಳ್ಳುತ್ತ ಇನ್ನೆರಡು ವರ್ಷ ಕಳೆಯುವ ಚಾಳಿ ಅವರಲ್ಲಿಲ್ಲ. 2025ರ ಫೆಬ್ರುವರಿಯಲ್ಲಿ ಈಗಲ್ಸ್ ಕಾನ್ಸಸ್ ಸಿಟಿಯನ್ನು 40–22ರಿಂದ ಸೋಲಿಸಿತು. ಪಂದ್ಯಶ್ರೇಷ್ಠ ಹರ್ಟ್ಸ್.

ಡ್ರಾಫ್ಟ್ ಮುಗಿದ ಮರುದಿನವೇ 32 ತಂಡಗಳಿಗೂ ಅಂಕ ಹಂಚುವ ಪಟ್ಟಿಗಳು ಪ್ರತಿ ವರ್ಷ ಹೊರಬೀಳುತ್ತವೆ. ಅವನ್ನು ಐದು ವರ್ಷ ಎತ್ತಿಟ್ಟು ಆಮೇಲೆ ಓದುವುದು ವಾಸಿ.