ಎಷ್ಟು ಜನರನ್ನು ಕೇಳಿದರೆ ಸಾಕು?

ಕಳೆದ ವರ್ಷ ನಮ್ಮ ತಂಡ ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್ ಮಾಡಿತು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ 10 ಮಂದಿ, ಊರಲ್ಲೇ ಇರುವ 10 ಮಂದಿ. ಎರಡೂ ಗುಂಪಿನ ಕಿರುಪರೀಕ್ಷೆಯ ಅಂಕ ಹೋಲಿಸಿ, ‘ಬಸ್ ಪ್ರಯಾಣದಿಂದ ಅಂಕಕ್ಕೆ ತೊಂದರೆ ಇಲ್ಲ’ ಎಂದು ಬರೆದೆವು. ದಿನವೂ ಎರಡು ಬಸ್ ಬದಲಿಸಿ ಬರುವ ಸಹಪಾಠಿ ಅದನ್ನು ಓದಿ, “ಒಂದು ವಾರ ನನ್ನ ಜೊತೆ ಬಂದು ನೋಡು” ಅಂದಳು. ಆಗ ನಾನು ನಕ್ಕಿದ್ದೆ. ಜಿ*ಪವರ್ ಎಂಬ ಸಾಫ್ಟ್‌ವೇರ್ ಬಳಸಿದ ಮೇಲೆ ತಪ್ಪು ನಮ್ಮದೇ ಎಂದು ಗೊತ್ತಾಯಿತು.

ಜರ್ಮನಿಯ ಡ್ಯುಸೆಲ್ಡಾರ್ಫ್‌ನ ಹೈನ್ರಿಕ್ ಹೈನ್ ವಿಶ್ವವಿದ್ಯಾಲಯ ಇದನ್ನು ಉಚಿತವಾಗಿ ಕೊಡುತ್ತದೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಎರಡು ಗುಂಪುಗಳ ಸರಾಸರಿ ಹೋಲಿಸುವ ‘ಟಿ ಟೆಸ್ಟ್’ ಆರಿಸಿದರೆ ಅದು ಮುಖ್ಯವಾಗಿ ಮೂರು ಸಂಗತಿ ಕೇಳುತ್ತದೆ. ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ತಪ್ಪಿಗೆ ಎಷ್ಟು ಅವಕಾಶ? ಸಾಮಾನ್ಯವಾಗಿ 0.05. ನಿಜವಾಗಿ ಇರುವ ವ್ಯತ್ಯಾಸ ನಮಗೆ ಸಿಗುವ ಸಾಧ್ಯತೆ ಎಷ್ಟಿರಬೇಕು? ಸಾಮಾನ್ಯವಾಗಿ 0.80, ಇದಕ್ಕೇ ‘ಪವರ್’ ಎನ್ನುವುದು. ಮೂರನೆಯದು ಕಷ್ಟದ್ದು: ಆ ವ್ಯತ್ಯಾಸ ಎಷ್ಟು ದೊಡ್ಡದಿರಬಹುದು? ಎರಡು ಸರಾಸರಿಗಳ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿ ಇದನ್ನು ಅಳೆಯುತ್ತಾರೆ. 0.2 ಬಂದರೆ ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು ಎಂದು ಅಮೆರಿಕದ ಜೇಕಬ್ ಕೋಹೆನ್ ಒಂದು ಅಂದಾಜು ಕೊಟ್ಟಿದ್ದಾರೆ.

‘ಟೂ ಟೇಲ್’ ಆರಿಸಿ, 0.5 ಕೊಟ್ಟೆ. ಗುಂಪಿಗೆ 64, ಒಟ್ಟು 128 ಮಂದಿ ಬೇಕು ಎಂದಿತು. 0.8 ಕೊಟ್ಟರೆ ಗುಂಪಿಗೆ 26 ಸಾಕು. 0.2 ಕೊಟ್ಟಾಗ 394! ನಮ್ಮ ಇಡೀ ವಿಭಾಗವನ್ನು ಕರೆದರೂ ಸಾಲದು. ಕೊನೆಗೆ ನಮ್ಮ 10-10ನ್ನೇ ಹಾಕಿ ನೋಡಿದೆ. ಮಧ್ಯಮ ಮಟ್ಟದ ವ್ಯತ್ಯಾಸ ನಿಜವಾಗಿ ಇದ್ದರೂ ಅದು ನಮಗೆ ಸಿಗುವ ಸಾಧ್ಯತೆ ನೂರಕ್ಕೆ 20 ಕೂಡ ಇರಲಿಲ್ಲ. ನಾವು ಬರೆಯಬೇಕಿದ್ದದ್ದು ‘ತೊಂದರೆ ಇಲ್ಲ’ ಎಂದಲ್ಲ, ‘ನಮಗೆ ಕಾಣಲಿಲ್ಲ’ ಎಂದು.

ಮನೆಯಲ್ಲಿ ಅಮ್ಮಿಗೆ ಉರ್ದುವಿನಲ್ಲಿ ಇದನ್ನು ವಿವರಿಸಲು ಹೋದೆ. “ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕಲ್ಲ?” ಎಂದರು. ಒಂದೇ ಪಾತ್ರೆಯ ಅಗುಳು ಹೆಚ್ಚುಕಡಿಮೆ ಒಂದೇ ಥರ ಬೇಯುತ್ತವೆ. ನಮ್ಮ ಅಂಕಗಳು ಹಾಗಲ್ಲ, 4 ಬಂದವರೂ ಇದ್ದಾರೆ, 19 ಬಂದವರೂ ಇದ್ದಾರೆ.

ಯಾರನ್ನು ಕೇಳಬೇಕು ಎಂಬುದನ್ನು ಮಾತ್ರ ಈ ಸಾಫ್ಟ್‌ವೇರ್ ಹೇಳುವುದಿಲ್ಲ. 128 ಮಂದಿಯೂ ನಮ್ಮ ಗೆಳೆಯರೇ ಆದರೆ ಪ್ರಯೋಜನವಿಲ್ಲ. ಹಾಜರಿ ಪಟ್ಟಿಯಿಂದ ಚೀಟಿ ಎತ್ತಬೇಕು. ಈ ವರ್ಷ ಪ್ರಾಜೆಕ್ಟ್ ಮಾಡುವವರು ಅಂಕ ಸಂಗ್ರಹಿಸುವ ಮೊದಲೇ ಲೆಕ್ಕ ಹಾಕಿಕೊಳ್ಳಿ.

ನಮ್ಮ ಪ್ರಾಜೆಕ್ಟ್‌ಗೆ ಅಂಕ ಬಂದಾಗಿದೆ. ನನ್ನ ಪ್ರತಿಯಲ್ಲಿ ಆ ಒಂದು ಸಾಲನ್ನು ಹೊಡೆದುಹಾಕಿ, ಅವಳಿಗೆ ತೋರಿಸಿದ್ದೇನೆ.