ನಮ್ಮವರದು ತಂತ್ರ, ಅವರದು ಕುತಂತ್ರ

ಅಮೆರಿಕದ ಹಳೆಯ ವ್ಯಂಗ್ಯಚಿತ್ರಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಅಚ್ಚೊತ್ತಿ ನಿಂತಿದೆ. ೧೮೮೪ರ ಸೆಪ್ಟೆಂಬರ್ ತಿಂಗಳಲ್ಲಿ ‘ಜಡ್ಜ್’ ಎಂಬ ವಾರಪತ್ರಿಕೆಯಲ್ಲಿ ಪ್ರಕಟವಾದ ಚಿತ್ರ ಅದು. ಸ್ಥೂಲಕಾಯದ ಗೃಹಸ್ಥನೊಬ್ಬ ಕೋಪದಿಂದಲೋ ನಾಚಿಕೆಯಿಂದಲೋ ಚಡಪಡಿಸುತ್ತಿದ್ದಾನೆ. ಹತ್ತಿರದಲ್ಲಿ ಹೆಂಗಸೊಬ್ಬಳು ಮುಖ ಮರೆಮಾಡಿಕೊಂಡು ನಿಂತಿದ್ದಾಳೆ. ಆಕೆಯ ತೋಳಿನಲ್ಲಿರುವ ಕೂಸು ಅಪ್ಪ ಬೇಕೆಂದು ಕಿರಿಚುತ್ತಿದೆ. ಗೃಹಸ್ಥ ಬೇರೆ ಯಾರೂ ಅಲ್ಲ, ಆ ವರ್ಷ ಡೆಮಾಕ್ರಾಟಿಕ್ ಪಕ್ಷದಿಂದ ಅಧ್ಯಕ್ಷಪದವಿಗೆ ನಿಂತಿದ್ದ ಗ್ರೋವರ್ ಕ್ಲೀವ್‌ಲೆಂಡ್.

ಚಿತ್ರದಲ್ಲಿ ಒಂದು ಸುಳ್ಳಿದೆ. ಆ ಮಗು ಹುಟ್ಟಿದ್ದು ೧೮೭೪ರಲ್ಲಿ. ಚಿತ್ರ ಬರೆದ ಕಾಲಕ್ಕೆ ಅವನು ಹತ್ತು ವರ್ಷದ ಹುಡುಗ, ಅದೂ ಬೇರೆಯವರ ಮನೆಯಲ್ಲಿ ದತ್ತುಮಗನಾಗಿ ಬೆಳೆಯುತ್ತಿದ್ದವನು. ಹತ್ತು ವರ್ಷದ ಹುಡುಗ ತಾಯಿಯ ತೋಳಿನಲ್ಲಿ ಕುಳಿತು ಅಳುವುದಿಲ್ಲ. ಆದರೆ ಮತದಾರನ ಕರುಳು ಕಲಕುವುದಕ್ಕೆ ಕೂಸೇ ಬೇಕು. ಆದ್ದರಿಂದ ಚಿತ್ರಕಾರ ಹತ್ತು ವರ್ಷಗಳನ್ನು ಅಳಿಸಿಹಾಕಿದ. ಚುನಾವಣೆಯ ತಂತ್ರವೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಕೂಸನ್ನು ತೋರಿಸುತ್ತೇನೆ.

ಆ ಚುನಾವಣೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಅಂತರ್ಯುದ್ಧದ ಮುನ್ನಾದಿನಗಳಿಂದಲೂ ಡೆಮಾಕ್ರಾಟರಿಗೆ ಅಧ್ಯಕ್ಷಪದವಿ ದಕ್ಕಿರಲಿಲ್ಲ. ಅವರು ಗೆದ್ದ ಕೊನೆಯ ಚುನಾವಣೆ ೧೮೫೬ರದು. ೧೮೮೪ರಲ್ಲಿ ರಿಪಬ್ಲಿಕನ್ ಪಕ್ಷ ಮೇಯ್ನ್ ಪ್ರಾಂತದ ಜೇಮ್ಸ್ ಬ್ಲೇನ್‌ನನ್ನು ನಿಲ್ಲಿಸಿತು. ಮಹಾವಾಗ್ಮಿ; ಒಮ್ಮೆ ಕಂಡವರನ್ನು ಮರೆಯದವನು; ಸೇರಿದ ಜನರನ್ನು ಮರುಳುಮಾಡುವ ಶಕ್ತಿಯುಳ್ಳವನು. ಕ್ಲೀವ್‌ಲೆಂಡ್ ಅವನಿಗೆ ತದ್ವಿರುದ್ಧ. ಬಫಲೋ ನಗರದ ವಕೀಲ, ಅಲ್ಲಿಯ ಮೇಯರ್, ಆಮೇಲೆ ನ್ಯೂಯಾರ್ಕಿನ ಗವರ್ನರ್. ಮಾತಿನಲ್ಲಿ ಸೊಗಸಿಲ್ಲ, ಲಂಚಕ್ಕೆ ಬಗ್ಗುವವನೂ ಅಲ್ಲ. ತನ್ನ ಪಕ್ಷದ ಪುಢಾರಿಗಳನ್ನೇ ಎದುರುಹಾಕಿಕೊಂಡವನು.

ಬ್ಲೇನ್‌ನ ಕೊರಳಿಗೆ ಕೆಲವು ಕಾಗದಗಳು ಸುತ್ತಿಕೊಂಡಿದ್ದವು. ಅವನು ಪ್ರತಿನಿಧಿಸಭೆಯ ಸ್ಪೀಕರ್ ಆಗಿದ್ದಾಗ ಅರ್ಕನ್ಸಾ ಪ್ರಾಂತದ ಒಂದು ರೈಲ್ವೆ ಕಂಪನಿಗೆ ಅನುಕೂಲವಾಗುವ ತೀರ್ಪು ಕೊಟ್ಟಿದ್ದ. ಆಮೇಲೆ ಅದೇ ಕಂಪನಿಯ ಸಾಲಪತ್ರಗಳನ್ನು ಸ್ನೇಹಿತರಿಗೆ ಮಾರಿ ದಲ್ಲಾಳಿ ಪಡೆದಿದ್ದ. ಮಲಿಗನ್ ಎಂಬ ಲೆಕ್ಕದ ಗುಮಾಸ್ತನ ಬಳಿ ಇದಕ್ಕೆ ಸಂಬಂಧಿಸಿದ ಕಾಗದಗಳಿದ್ದವು. ೧೮೭೬ರಲ್ಲಿ ವಿಚಾರಣೆ ನಡೆದಾಗ ಬ್ಲೇನ್ ಆ ಕಾಗದಗಳನ್ನು ಅವನಿಂದ ಪಡೆದುಕೊಂಡು ಹಿಂದಿರುಗಿಸಲೇ ಇಲ್ಲ. ಸಭೆಯಲ್ಲಿ ನಿಂತು ತನಗೆ ಬೇಕಾದ ಭಾಗಗಳನ್ನು ಮಾತ್ರ ಓದಿ ಹೇಳಿ ಚಪ್ಪಾಳೆ ಗಿಟ್ಟಿಸಿದ. ಎಂಟು ವರ್ಷ ಕಳೆದ ಮೇಲೆ, ಚುನಾವಣೆಯ ಕಾವು ಏರಿದ್ದಾಗ, ಇನ್ನಷ್ಟು ಕಾಗದಗಳು ಹೊರಬಿದ್ದವು. ಅವುಗಳಲ್ಲಿ ಒಂದು ವಿಚಿತ್ರವಾದುದು. ತಾನು ನಿರ್ದೋಷಿಯೆಂದು ಸಾರುವ ಪತ್ರವೊಂದನ್ನು ಬ್ಲೇನ್ ತಾನೇ ರಚಿಸಿ, ‘ಇದನ್ನು ನಿನ್ನ ಪತ್ರವೆಂಬಂತೆ ನನಗೆ ಬರೆದು ಕಳುಹಿಸು’ ಎಂದು ಮಿತ್ರನೊಬ್ಬನಿಗೆ ಕಳುಹಿಸಿಕೊಟ್ಟಿದ್ದ. ಅದರ ಜೊತೆಯ ಕಾಗದದ ಕೊನೆಗೆ ‘ಈ ಕಾಗದವನ್ನು ಸುಟ್ಟುಬಿಡು’ ಎಂದು ಬರೆದಿದ್ದ. ಆ ಒಂದು ಮಾತು ಡೆಮಾಕ್ರಾಟರ ಮೆರವಣಿಗೆಗಳಲ್ಲಿ ಘೋಷಣೆಯಾಯಿತು.

ಇದನ್ನು ಸಹಿಸಲಾರದ ಕೆಲವು ರಿಪಬ್ಲಿಕನ್ನರು ಪಕ್ಷವನ್ನು ಬಿಟ್ಟು ಕ್ಲೀವ್‌ಲೆಂಡ್‌ನ ಕಡೆಗೆ ಬಂದರು. ಇವರಿಗೆ ಬಿದ್ದ ಅಡ್ಡಹೆಸರು ಮಗ್‌ವಂಪ್. ದೊಡ್ಡ ಮನುಷ್ಯ, ನಾಯಕ ಎಂಬ ಅರ್ಥದ ಆದಿವಾಸಿಗಳ ಮಾತನ್ನು ಪತ್ರಿಕೆಗಳು ಅಣಕಕ್ಕೆ ಬಳಸಿಕೊಂಡವು. ಕಾರ್ಲ್ ಶುರ್ಟ್ಸ್, ‘ಹಾರ್ಪರ್ಸ್ ವೀಕ್ಲಿ’ಯ ಸಂಪಾದಕ ಕರ್ಟಿಸ್, ವ್ಯಂಗ್ಯಚಿತ್ರಕಾರ ನಾಸ್ಟ್ ಈ ಗುಂಪಿನ ಪ್ರಮುಖರು, ಮಾರ್ಕ್ ಟ್ವೇನ್ ಕೂಡ ಇವರ ಕಡೆ. ಅದುವರೆಗೆ ರಿಪಬ್ಲಿಕನ್ ಪಕ್ಷವನ್ನು ಎತ್ತಿಹಿಡಿದಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯೂ ಬ್ಲೇನ್‌ನನ್ನು ಕೈಬಿಟ್ಟಿತು. ಇಪ್ಪತ್ತೈದು ವರ್ಷದ ಥಿಯೊಡೋರ್ ರೂಸ್ವೆಲ್ಟ್ ಮಾತ್ರ ಬೇರೆ ದಾರಿ ಹಿಡಿದ. ಶಿಕಾಗೋದ ಪಕ್ಷಸಮ್ಮೇಳನದಲ್ಲಿ ಬ್ಲೇನ್‌ನನ್ನು ಹಟದಿಂದ ವಿರೋಧಿಸಿದವನು, ಆಯ್ಕೆ ಮುಗಿದ ಮೇಲೆ ಅದೇ ಬ್ಲೇನ್‌ನ ಪರವಾಗಿ ನಿಂತ. ಕಾಗದಗಳಲ್ಲಿದ್ದ ಅಕ್ಷರ ಜೂನ್ ತಿಂಗಳಿನಿಂದ ಅಕ್ಟೋಬರ್‌ವರೆಗೆ ಬದಲಾಗಿರಲಿಲ್ಲ. ಓದುವವನು ಕುಳಿತ ಜಾಗ ಬದಲಾಗಿತ್ತು.

ಮಗ್‌ವಂಪರು ತಾವು ಪಾವನರೆಂದು ಬೀಗುತ್ತಿದ್ದಾಗಲೇ, ಜುಲೈ ೨೧ರಂದು, ಬಫಲೋದ ಒಂದು ಸಂಜೆಪತ್ರಿಕೆ ಸಿಡಿಲೆರಗಿಸಿತು. ಕ್ಲೀವ್‌ಲೆಂಡ್‌ಗೂ ಮರಿಯಾ ಹಾಲ್ಪಿನ್ ಎಂಬ ವಿಧವೆಗೂ ಹತ್ತು ವರ್ಷಗಳ ಹಿಂದೆ ಸಂಬಂಧವಿತ್ತು, ಒಂದು ಗಂಡುಮಗು ಹುಟ್ಟಿತ್ತು, ಅದು ಅನಾಥಾಲಯದ ಪಾಲಾಯಿತು ಎಂಬುದು ಸುದ್ದಿ. ಸುದ್ದಿಯ ಬೆನ್ನಿಗೆ ಬಾಲ್ ಎಂಬ ಪಾದ್ರಿಯಿದ್ದ. ಏನು ಹೇಳೋಣವೆಂದು ಕಂಗೆಟ್ಟ ಮಿತ್ರರಿಗೆ ಕ್ಲೀವ್‌ಲೆಂಡ್ ತಂತಿ ಕೊಟ್ಟ. ಏನೇ ಆಗಲಿ, ನಿಜವನ್ನೇ ಹೇಳಿ ಎಂಬುದು ಅದರ ಸಾರ.

ಆಗ ಮಗ್‌ವಂಪರ ನಡುವೆ ಹುಟ್ಟಿದ ತರ್ಕ ಪ್ರಸಿದ್ಧವಾಗಿದೆ. ಬ್ಲೇನ್ ಖಾಸಗಿ ಬಾಳಿನಲ್ಲಿ ಶುದ್ಧ, ಸಾರ್ವಜನಿಕ ಬಾಳಿನಲ್ಲಿ ಕಳಂಕಿತ. ಕ್ಲೀವ್‌ಲೆಂಡ್ ಸಾರ್ವಜನಿಕ ಬಾಳಿನಲ್ಲಿ ಶುದ್ಧ, ಖಾಸಗಿ ಬಾಳಿನಲ್ಲಿ ಎಡವಿದವನು. ಆದ್ದರಿಂದ ಕ್ಲೀವ್‌ಲೆಂಡ್‌ನನ್ನು ಅವನಿಗೆ ಒಪ್ಪುವ ಸರ್ಕಾರಿ ಗಾದಿಗೆ ಕಳುಹಿಸೋಣ, ಬ್ಲೇನ್‌ನನ್ನು ಅವನಿಗೆ ಶೋಭಿಸುವ ಸಂಸಾರಕ್ಕೆ ಹಿಂದಿರುಗಿಸೋಣ! ನಮ್ಮಲ್ಲಿ ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬುದು ಬೈಗುಳ. ಅಲ್ಲಿ ಅದೇ ಯೋಗ್ಯತಾಪತ್ರವಾಯಿತು. ತರ್ಕದ ಚಮತ್ಕಾರಕ್ಕೆ ನಾನೂ ತಲೆದೂಗಿದ್ದೇನೆ. ಆದರೆ ಒಂದು ಸಂಶಯ. ಕೂಸು ಬ್ಲೇನ್‌ನದಾಗಿ ಕಾಗದಗಳು ಕ್ಲೀವ್‌ಲೆಂಡ್‌ನವಾಗಿದ್ದರೆ ಇದೇ ಪುಣ್ಯಾತ್ಮರು ಏನೆನ್ನುತ್ತಿದ್ದರು?

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವುದು ಎರಡು ಪಕ್ಷಗಳಿಗೂ ಸಮಾನವಾದ ವಿದ್ಯೆಯಾಗಿತ್ತು. ಬಫಲೋದ ಸುದ್ದಿಯನ್ನು ‘ಹೇಸಿಗೆಯ ರಾಜಕೀಯ’ವೆಂದು ಬಯ್ದ ಡೆಮಾಕ್ರಾಟರ ಕಡೆಯ ಪತ್ರಿಕೆಯೊಂದು, ಇಂಡಿಯಾನಾಪೊಲಿಸ್‌ನ ‘ಸೆಂಟಿನೆಲ್’, ಆಗಸ್ಟ್‌ನಲ್ಲಿ ಬ್ಲೇನ್‌ನ ಮದುವೆಯ ದಿನಕ್ಕೂ ಮೊದಲ ಮಗುವಿನ ಜನನಕ್ಕೂ ನಡುವೆ ಇದ್ದ ತಿಂಗಳುಗಳನ್ನು ಎಣಿಸಿ ಪ್ರಕಟಿಸಿತು. ಎಂದೋ ತೀರಿಹೋಗಿದ್ದ ಮಗು ಅದು. ಬ್ಲೇನ್ ಮಾನನಷ್ಟದ ದಾವೆ ಹೂಡಿದ. ಇಂಥದೇ ಕಾಗದಗಳು ಕ್ಲೀವ್‌ಲೆಂಡ್‌ನ ಕೈಗೂ ಬಂದಿದ್ದವು. ಅವನು ಹಣ ಕೊಟ್ಟು ಅವನ್ನು ಕೊಂಡು, ಹರಿದು, ಬೆಂಕಿಗೆ ಹಾಕಿಸಿದನೆಂದೂ ಕೊಳಕಿನ ಗುತ್ತಿಗೆ ಎದುರಾಳಿಗಳಿಗೇ ಇರಲಿ ಎಂದನೆಂದೂ ಅವನ ಜೀವನಚರಿತ್ರೆಕಾರರು ಬರೆಯುತ್ತಾರೆ. ಇದು ಅವನ ಹಿರಿಮೆ, ನಾನು ಅಲ್ಲಗಳೆಯುವುದಿಲ್ಲ.

ಮೇಷ್ಟರಾಗಿದ್ದ ಕಾಲದಲ್ಲಿ ನಾನು ಆ ತಂತಿಯ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ‘ನೋಡಿ, ರಾಜಕಾರಣಿಯೂ ನಿಜ ಹೇಳಬಹುದು, ಹೇಳಿಯೂ ಗೆಲ್ಲಬಹುದು’ ಎಂದು ಎದೆಯುಬ್ಬಿಸಿ ಮುಗಿಸುತ್ತಿದ್ದೆ. ಒಂದು ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಆ ಹೆಂಗಸು ಏನು ಹೇಳಿದಳು ಸಾರ್?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯೂ ಏನಾದರೂ ಹೇಳಿರಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಗಂಟೆ ಹೊಡೆದದ್ದು ನನ್ನ ಪುಣ್ಯ.

ಆಮೇಲೆ ಹುಡುಕಿ ಓದಿದೆ. ಆಕೆ ಹೇಳಿದ್ದಳು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮರಿಯಾ ಹಾಲ್ಪಿನ್ ಸಹಿಯುಳ್ಳ ಪ್ರಮಾಣಪತ್ರ ಪತ್ರಿಕೆಗಳಲ್ಲಿ ಬಂದಿತ್ತು. ನಡೆದದ್ದು ತನ್ನ ಒಪ್ಪಿಗೆಯಿಂದಲ್ಲ, ಬಲಾತ್ಕಾರದಿಂದ ಎಂದು ಅದರಲ್ಲಿತ್ತು. ಮಗು ಹುಟ್ಟಿದ ಮೇಲೆ ಆಕೆಯನ್ನು ಹುಚ್ಚರ ಆಸ್ಪತ್ರೆಗೆ ಸೇರಿಸಿದ್ದೂ, ಹುಚ್ಚಿಲ್ಲವೆಂದು ಕೆಲವೇ ದಿನಗಳಲ್ಲಿ ಹೊರಬಿಟ್ಟದ್ದೂ ಇನ್ನೊಂದು ಕಥೆ. ರಿಪಬ್ಲಿಕನ್ ಪತ್ರಿಕೆಗಳಿಗೆ ಆ ಪ್ರಮಾಣಪತ್ರ ಮತದಾನದ ಮುಂಚಿನ ವಾರಕ್ಕೆ ಸರಿಯಾಗಿ ಒದಗಿದ ಮದ್ದುಗುಂಡು. ಡೆಮಾಕ್ರಾಟರಿಗೆ ಅದು ಕಟ್ಟುಕಥೆ. ಆಕೆಯ ನಡತೆ ಮೊದಲೇ ಕೆಟ್ಟಿತ್ತು, ತಂದೆ ಯಾರೆಂಬುದೇ ಸಂದೇಹ, ಮದುವೆಯಾಗಿದ್ದ ಮಿತ್ರರನ್ನು ಉಳಿಸಲು ಬ್ರಹ್ಮಚಾರಿ ಕ್ಲೀವ್‌ಲೆಂಡ್ ಹೊಣೆ ಹೊತ್ತ ಎಂದು ಅವರು ಹಬ್ಬಿಸಿದರು. ಮಗುವಿಗೆ ಕ್ಲೀವ್‌ಲೆಂಡ್‌ನ ಸ್ನೇಹಿತ ಆಸ್ಕರ್ ಫಾಲ್ಸಮ್‌ನ ಹೆಸರನ್ನೂ ಸೇರಿಸಿ ಇಟ್ಟಿದ್ದದ್ದು ಈ ವಾದಕ್ಕೆ ಒತ್ತಾಸೆಯಾಯಿತು. ಫಾಲ್ಸಮ್ ಆ ವೇಳೆಗೆ ಸತ್ತುಹೋಗಿದ್ದ, ಎದ್ದು ಬಂದು ಇಲ್ಲವೆನ್ನುವಂತಿರಲಿಲ್ಲ. ಇದೇ ಫಾಲ್ಸಮ್‌ನ ಮಗಳನ್ನೇ ಕ್ಲೀವ್‌ಲೆಂಡ್ ೧೮೮೬ರಲ್ಲಿ ಶ್ವೇತಭವನದಲ್ಲಿ ಮದುವೆಯಾದ.

ನಿಜವನ್ನೇ ಹೇಳಿ ಎಂದ ತಂತಿ ಸುಳ್ಳಲ್ಲ. ಆದರೆ ನಿಜದ ಎಷ್ಟು ಭಾಗವನ್ನು ಯಾರು ಹೇಳಬೇಕೆಂಬುದನ್ನು ಗೊತ್ತುಮಾಡಿದವರು ಅವನ ಮಿತ್ರರು. ಹೆಂಗಸರಿಗೆ ಆ ಚುನಾವಣೆಯಲ್ಲಿ ಮತವಿರಲಿಲ್ಲ. ಬೆಲ್ವಾ ಲಾಕ್‌ವುಡ್ ಎಂಬ ವಕೀಲೆ ಅಧ್ಯಕ್ಷಪದವಿಗೇ ನಿಂತಿದ್ದಳು, ತನಗೆ ತಾನೇ ಮತ ಹಾಕಿಕೊಳ್ಳುವಂತಿರಲಿಲ್ಲ! ಸ್ತ್ರೀಯರ ಹಕ್ಕಿಗಾಗಿ ಹೋರಾಡುತ್ತಿದ್ದವರೂ ಒಡೆದುಹೋದರು. ಲೂಸಿ ಸ್ಟೋನ್ ಕ್ಲೀವ್‌ಲೆಂಡ್‌ನನ್ನು ಖಂಡಿಸಿದಳು. ಆಕೆಯ ಪತ್ರಿಕೆಯಲ್ಲೇ ಜೊತೆಗಾರನಾಗಿದ್ದ ಹಿಗಿನ್ಸನ್ ಅವನನ್ನು ಬೆಂಬಲಿಸಿದ. ಚರಿತ್ರೆಕಾರರೂ ಪಕ್ಷ ಹಿಡಿದವರೇ. ಅಲನ್ ನೆವಿನ್ಸ್ ೧೯೩೨ರಲ್ಲಿ ಬರೆದು ಪುಲಿಟ್ಜರ್ ಬಹುಮಾನ ಪಡೆದ ಜೀವನಚರಿತ್ರೆ ಕ್ಲೀವ್‌ಲೆಂಡ್‌ನ ಧೈರ್ಯವನ್ನು ಹೊಗಳುತ್ತದೆ. ೨೦೧೧ರಲ್ಲಿ ಚಾರ್ಲ್ಸ್ ಲಾಕ್‌ಮನ್ ಬರೆದ ಪುಸ್ತಕ ಹಾಲ್ಪಿನ್‌ಳ ಪರವಾಗಿ ವಾದಿಸುತ್ತದೆ. ನಡುವೆ ಕಳೆದದ್ದು ಸುಮಾರು ಎಂಬತ್ತು ವರ್ಷ.

ಇಷ್ಟೆಲ್ಲ ಕೆಸರೆರಚಾಟ ನಡೆದರೂ ಫಲಿತಾಂಶವನ್ನು ತೂಗಿದ್ದು ಕೂಸೂ ಅಲ್ಲ, ಕಾಗದವೂ ಅಲ್ಲ, ಒಬ್ಬ ಮುದಿ ಪಾದ್ರಿಯ ನಾಲಗೆ ಎಂದು ಹೇಳುವವರುಂಟು. ಅಕ್ಟೋಬರ್ ೨೯ರ ಬೆಳಿಗ್ಗೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಹೋಟೆಲಿನಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಗಳ ದೊಡ್ಡ ತಂಡ ಬ್ಲೇನ್‌ನನ್ನು ಕಂಡಿತು. ಅವರ ಪರವಾಗಿ ಮಾತನಾಡಿದ ಸ್ಯಾಮುಯೆಲ್ ಬರ್ಚರ್ಡ್, ಡೆಮಾಕ್ರಾಟಿಕ್ ಪಕ್ಷದ ಪೂರ್ವಾಪರವನ್ನು ‘ರಮ್, ರೋಮನಿಸಂ, ರೆಬೆಲಿಯನ್’ ಎಂಬ ಮೂರು ಮಾತುಗಳಲ್ಲಿ ಮುಗಿಸಿದ. ಹೆಂಡ, ರೋಮಿನ ಮತ, ರಾಜದ್ರೋಹ. ಪಾದ್ರಿಗೆ ಆದಿಪ್ರಾಸದ ಚಪಲ! ಬ್ಲೇನ್ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಆಗ ಸುಮ್ಮನಿದ್ದ. ಅವನ ತಾಯಿಯೇ ಕ್ಯಾಥೊಲಿಕಳು. ಐರಿಷ್ ಕ್ಯಾಥೊಲಿಕರ ಮತಗಳನ್ನು ಅವನು ತಿಂಗಳುಗಟ್ಟಲೆ ಓಲೈಸಿದ್ದ. ಎದುರಾಳಿಗಳ ಕಡೆಯ ಶೀಘ್ರಲಿಪಿಕಾರ ಭಾಷಣವನ್ನು ಬರೆದುಕೊಂಡಿದ್ದ. ಕರಪತ್ರಗಳು ಕ್ಯಾಥೊಲಿಕರ ಕೇರಿಗಳಲ್ಲಿ ಹರಿದಾಡಿದವು. ಬ್ಲೇನ್ ಆ ಮಾತು ತನ್ನದಲ್ಲವೆನ್ನುವ ಹೊತ್ತಿಗೆ ಮೂರು ದಿನ ಕಳೆದಿದ್ದವು. ಅದೇ ಅಕ್ಟೋಬರ್ ೨೯ರ ರಾತ್ರಿ ಡೆಲ್ಮೊನಿಕೋ ಭೋಜನಶಾಲೆಯಲ್ಲಿ ಅವನು ಜೇ ಗೂಲ್ಡ್ ಮೊದಲಾದ ಕುಬೇರರ ಪಂಕ್ತಿಯಲ್ಲಿ ಉಂಡ. ಮರುದಿನ ಪುಲಿಟ್ಜರ್‌ನ ‘ವರ್ಲ್ಡ್’ ಪತ್ರಿಕೆ, ಆ ಪಂಕ್ತಿಯ ಮುಂದೆ ಬಡಕುಟುಂಬವೊಂದು ಕೈಯೊಡ್ಡಿ ನಿಂತ ಚಿತ್ರವನ್ನು ಮೊದಲ ಪುಟದಲ್ಲಿ ಹಾಕಿತು.

ನ್ಯೂಯಾರ್ಕಿನಲ್ಲಿ ೧೧ ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. ಕ್ಲೀವ್‌ಲೆಂಡ್ ಗೆದ್ದದ್ದು ಸುಮಾರು ೧,೧೦೦ ಮತಗಳ ಅಂತರದಿಂದ. ಆ ಪ್ರಾಂತದ ೩೬ ಚುನಾಯಕ ಮತಗಳು ಸೇರಿ ಒಟ್ಟು ಲೆಕ್ಕ ೨೧೯ಕ್ಕೆ ೧೮೨ ಆಯಿತು. ಅಂತರ ಇಷ್ಟು ಕಿರಿದಾದಾಗ ಪ್ರತಿಯೊಬ್ಬನೂ ತನ್ನ ತಂತ್ರವೇ ಗೆದ್ದಿತೆನ್ನಬಹುದು. ಬ್ಲೇನ್‌ನ ಕಡೆಯವರು ಪಾದ್ರಿಯನ್ನು ಶಪಿಸಿದರು, ಮಗ್‌ವಂಪರು ತಮ್ಮ ಅಂತಃಸಾಕ್ಷಿಯನ್ನು ಕೊಂಡಾಡಿಕೊಂಡರು. ಮದ್ಯವಿರೋಧಿ ಪಕ್ಷದ ಅಭ್ಯರ್ಥಿ ನ್ಯೂಯಾರ್ಕಿನಲ್ಲಿ ಪಡೆದ ಸುಮಾರು ೨೫,೦೦೦ ಮತಗಳು, ಬಹುಪಾಲು ರಿಪಬ್ಲಿಕನ್ನರಿಗೆ ಹೋಗಬೇಕಾಗಿದ್ದಂಥವು, ಯಾರಿಗೂ ರಸವತ್ತಾದ ಕಥೆಯಾಗಲಿಲ್ಲ.

ನಾಲ್ಕು ವರ್ಷದ ಮೇಲೆ ಪಾತ್ರಗಳು ಅದಲುಬದಲಾದವು. ೧೮೮೮ರಲ್ಲಿ ಕ್ಯಾಲಿಫೋರ್ನಿಯದ ಒಬ್ಬ ರಿಪಬ್ಲಿಕನ್, ಚಾರ್ಲ್ಸ್ ಮರ್ಚಿಸನ್ ಎಂಬ ಸುಳ್ಳುಹೆಸರಿನಲ್ಲಿ, ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರಿಗೆ ಪತ್ರ ಬರೆದು, ಇಂಗ್ಲೆಂಡಿನಲ್ಲಿ ಹುಟ್ಟಿದ ತಾನು ಯಾರಿಗೆ ಮತ ಕೊಡಲೆಂದು ಕೇಳಿದ. ರಾಯಭಾರಿ ಸ್ಯಾಕ್ವಿಲ್-ವೆಸ್ಟ್ ಬಲೆಗೆ ಬಿದ್ದು ಕ್ಲೀವ್‌ಲೆಂಡ್ ವಾಸಿಯೆಂಬ ಅರ್ಥ ಬರುವಂತೆ ಉತ್ತರಿಸಿದ. ಉತ್ತರ ಮತದಾನಕ್ಕೆ ಸರಿಯಾಗಿ ಪತ್ರಿಕೆಗಳಲ್ಲಿ ಬಂತು. ಇಂಗ್ಲೆಂಡೆಂದರೆ ಕಿಡಿಕಾರುವ ಐರಿಷರು ಕೆರಳಿದರು. ಪಾದ್ರಿಯ ಮಾತನ್ನು ಕರಪತ್ರವಾಗಿಸಿ ಹಂಚಿದ್ದನ್ನು ಚಾಣಾಕ್ಷತೆಯೆಂದು ಮೆಚ್ಚಿದವರು ಈಗ ಇದು ನೀಚತನವೆಂದರು. ಅಂದು ನೀಚತನವೆಂದವರು ಈಗ ಮೀಸೆಯಡಿಯಲ್ಲಿ ನಕ್ಕರು. ದೇಶದಲ್ಲಿ ಹೆಚ್ಚು ಮತ ಪಡೆದೂ ಕ್ಲೀವ್‌ಲೆಂಡ್ ಚುನಾಯಕರ ಲೆಕ್ಕದಲ್ಲಿ ಸೋತ. ೧೮೯೨ರಲ್ಲಿ ಮತ್ತೆ ನಿಂತು ಗೆದ್ದ.

ಅಷ್ಟು ಹೊತ್ತಿಗೆ ಹಾಲ್ಪಿನ್‌ಳ ಮಾತನ್ನು ಎತ್ತುವವರು ಯಾರೂ ಇರಲಿಲ್ಲ. ಆಕೆ ೧೯೦೨ರಲ್ಲಿ ತೀರಿಕೊಂಡಳು, ಕ್ಲೀವ್‌ಲೆಂಡ್ ೧೯೦೮ರಲ್ಲಿ. ನನ್ನ ವಿದ್ಯಾರ್ಥಿನಿ ಓದು ಮುಗಿಸಿ ಹೊರಟುಹೋಗಿದ್ದಳು. ಅವಳಿಗೆ ಹೇಳಬೇಕಾಗಿದ್ದ ಉತ್ತರವನ್ನು ಮುಂದಿನ ತರಗತಿಗಳಲ್ಲಿ, ತಂತಿಯ ಕಥೆ ಬಂದಾಗಲೆಲ್ಲ, ಬೇರೆಯವರಿಗೆ ಹೇಳುತ್ತ ಬಂದೆ.